ನನ್ನ ವೈಫೈಗೆ ನಾನೇ ಜಡಿದ ಬೀಗ

ಐವತ್ತು ದಾಟಿದ ಮೇಲೆ ಸರ್ಟಿಫಿಕೇಟು ಸಿಕ್ಕರೆ ಮನುಷ್ಯ ಕೆಡುತ್ತಾನೆ. ನಾನು ಕೆಟ್ಟಿದ್ದು ವೈಫೈ ಭದ್ರತೆಯ ಆನ್‌ಲೈನ್ ಕೋರ್ಸಿನಿಂದ. ಕಂಪನಿಗಳ ನೆಟ್‌ವರ್ಕ್ ಕಾಯುವವರಿಗೂ ಮನೆಬಳಕೆಯವರಿಗೂ ಸೇರಿಸಿ ಮಾಡಿದ ಪಾಠ ಅದು. ದೊಡ್ಡೇರಿಯಲ್ಲಿ ಕೂತು ಫೇಸ್‌ಬುಕ್ಕಿಗೆ ಕತೆ ಬರೆಯುವ ನಾನು ಯಾವ ಸಾಲಿನವನೆಂದು ಯಾರೂ ಕೇಳಲಿಲ್ಲವಾದ್ದರಿಂದ ಕಂಪನಿಯವರ ಸಾಲಿನಲ್ಲೇ ಕೂತೆ.

ಪಾಠದಲ್ಲಿ ಹೇಳಿದಂತೆ ರೂಟರಿನ ಒಳಗೆ ಇಣುಕಿ ನೋಡಿದೆ. ಮನೆಯಲ್ಲಿರುವುದು ಮೂರು ಫೋನು, ತಗುಲಿಕೊಂಡಿರುವುದು ಹದಿನಾಲ್ಕು. ಹ್ಯಾಕರ್‌ಗಳು ಮಧುಗಿರಿ ದಾಟಿ ನಮ್ಮ ಬೀದಿಗೇ ಬಂದರಲ್ಲ ಎಂದು ಗಾಬರಿಯಾಯಿತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ.

ವಿಚಾರಿಸಿದರೆ ಹ್ಯಾಕರ್ ನನ್ನ ಹೆಂಡತಿಯೇ. ನಮ್ಮ ಕಡೆ ಹಾಲಿಗೆ ಹಾಕಲು ಹೆಪ್ಪು ಕೇಳಿದರೆ ಇಲ್ಲವೆನ್ನುವುದಿಲ್ಲ. ಅವಳು ಪಾಸ್‌ವರ್ಡನ್ನೂ ಅದೇ ಖಾತೆಗೆ ಸೇರಿಸಿದ್ದಳು. ದೀಪ ಹಚ್ಚಿದ ಮೇಲೆ ಮಾತ್ರ ಮೊಸರು, ಉಪ್ಪು, ಪಾಸ್‌ವರ್ಡು ಯಾವುದನ್ನೂ ಹೊರಗೆ ಕೊಡುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲಿದ್ದ ಭದ್ರತೆ ಅದೊಂದೇ.

ಮರುದಿನ ಬೆಳಿಗ್ಗೆ ಅಂಕಿ, ಅಕ್ಷರ, ಚುಕ್ಕೆ, ನಕ್ಷತ್ರ ಎಲ್ಲ ಬೆರೆಸಿ ಮಾರುದ್ದದ ಹೊಸ ಪಾಸ್‌ವರ್ಡ್ ಹಾಕಿದೆ. ಎಲ್ಲೂ ಬರೆದಿಡಬಾರದೆಂದು ಪಾಠದಲ್ಲಿತ್ತು, ಬರೆದಿಡಲಿಲ್ಲ. ಕಾಫಿ ಕುಡಿದು ಬಂದು ಫೋನಿಗೆ ಹಾಕಹೊರಟರೆ ನಕ್ಷತ್ರದ ಆಚೆ ಏನಿತ್ತೆಂದೇ ನೆನಪಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಜಯಮ್ಮ ಮಗಳು ಪವಿತ್ರಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು.

"ಅಣ್ಣ, ಇವಳ್ದು ನರ್ಸ್ ಕೆಲಸುದ್ ಇಂಟರ್‌ವ್ಯೂ ಐತೆ, ಹನ್ನೊಂದಕ್ಕೆ, ವಿಡಿಯೋದಾಗೆ. ನಿಮ್ ವೈಫೈ ಯಾಕೋ ನಿಂತೋಗೈತಲ್ಲ."

ಗಂಟೆ ಹತ್ತೂ ಮುಕ್ಕಾಲು. ನಮ್ಮ ಬೀದಿಯಲ್ಲಿ ಮೊಬೈಲ್ ಸಿಗ್ನಲ್ಲು ನೆಂಟರಂತೆ, ಬಂದರೆ ಬಂತು. ಆ ಹುಡುಗಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಫೋನು ಹಿಡಿದು ನಿಂತಿದ್ದಳು. ನಾನು ಎನ್‌ಕ್ರಿಪ್ಶನ್ ಎಂದರೇನೆಂದು ವಿವರಿಸತೊಡಗಿದೆ.

"ಮರ್ತೋಗೈತೆ ಅಂತ ಒಂದ್ ಮಾತು ಹೇಳ್ರಿ ಸಾಕು," ಅಂದಳು ಹೆಂಡತಿ.

ರೀಸೆಟ್ ಮಾಡೋಣವೆಂದಳು ಪವಿತ್ರ. ರೂಟರಿನ ಹಿಂದೆ ಇರುವೆ ಗೂಡಿನ ಬಾಯಿಯಷ್ಟು ಸಣ್ಣ ತೂತು. ನನ್ನ ಪೆನ್ನಿನ ತುದಿ ಹೋಗಲಿಲ್ಲ, ಸರ್ಟಿಫಿಕೇಟಂತೂ ಹೋಗುವುದೇ ಇಲ್ಲ. ಜಯಮ್ಮ ತಾಳಿ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಒತ್ತಿದ್ದಾಯಿತು. ದೀಪಗಳು ಆರಿ ಮತ್ತೆ ಹತ್ತಿದವು. ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿದ್ದ, ಮೊದಲ ದಿನವೇ ಬದಲಿಸಬೇಕೆಂದು ಪಾಠದಲ್ಲಿ ಬೈದು ಹೇಳಿದ್ದ, ಅದೇ ಪಾಸ್‌ವರ್ಡು ಹಾಕಿಕೊಂಡು ಪವಿತ್ರ ನಮ್ಮ ನಡುಮನೆಯಲ್ಲೇ ಕೂತಳು. ಹನ್ನೊಂದಕ್ಕೆ ಎರಡು ನಿಮಿಷವಿತ್ತು. ನಾವು ಮೂವರೂ ಅಡುಗೆಮನೆಯಲ್ಲಿ ಕುಕ್ಕರು ಕೂಗದಂತೆ ಕಾದುಕೊಂಡು ನಿಂತೆವು.

ಕೆಲಸ ಸಿಕ್ಕಿತು. ಸೇರಲು ಹೊರಡುವ ಮುಂಚೆ ಪವಿತ್ರ ಬಂದು, ಮನೆಯವರಿಗೆ ಒಂದು, ಬೀದಿಗೆ ಬೇರೊಂದು ಎಂದು ಎರಡು ವೈಫೈ ಮಾಡಿಕೊಟ್ಟು ಹೋದಳು. ಆಮೇಲೆ ನೋಡಿದರೆ ಕೋರ್ಸಿನ ಆರನೇ ಪಾಠವೇ ಅದು, ಆಗ ನಾನು ತೂಕಡಿಸಿದ್ದೆ. ಹೊಸ ಪಾಸ್‌ವರ್ಡ್ ಏನೆಂದು ಹೆಂಡತಿಯನ್ನು ಕೇಳಿದೆ.

"ನಿಮಗ್ಯಾಕೆ? ಫೋನ್ ಕೊಡ್ರಿ, ಹಾಕ್ಕೊಡ್ತೀನಿ."

ಪಾಠದ ಪ್ರಕಾರ ಎಂಥ ನೆಟ್‌ವರ್ಕಿನಲ್ಲೂ ಒಬ್ಬ ದುರ್ಬಲ ಮನುಷ್ಯ ಇರುತ್ತಾನಂತೆ, ಮೊದಲು ಅವನನ್ನು ಪತ್ತೆ ಹಚ್ಚಬೇಕಂತೆ. ಈ ಹೆಂಗಸರು ಹಚ್ಚಿದ್ದಾರೆ. ಅಂದಿನಿಂದ ನಮ್ಮ ವೈಫೈ ಒಂದು ದಿನವೂ ನಿಂತಿಲ್ಲ.