ಕೆಂಪು ಅಕ್ಷರಕ್ಕೆ ಕಪ್ಪು ಬಣ್ಣ

ಚಿತ್ರದುರ್ಗದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಮುದ್ದಣ್ಣನಿಗೆ ತನ್ನ ಕೈಬರಹದ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕುಂಚಕ್ಕೇ ಕೆಲಸವಿಲ್ಲದಂತಾಗಬಹುದು ಎಂದು ಅವನಿಗೆ ಹೊಳೆದದ್ದು ಎಪ್ಪತ್ನಾಲ್ಕನೇ ಇಸವಿಯಲ್ಲಿ. ಹಿರಿಯೂರಿನ ಹೆದ್ದಾರಿ ಪಕ್ಕ ಲಾಡ್ಜು ಕಟ್ಟಿಸಿದ್ದ ಗೋವಿಂದಪ್ಪ ಅವನನ್ನು ಕರೆಸಿ, "ಬೋರ್ಡು ಬ್ಯಾಡಪ್ಪ, ನಿಯಾನ್ ದೀಪ ಹಾಕಿಸ್ತೀನಿ. ಗಾಜಿನ ಕೊಳವೇಲಿ ಅಕ್ಷರನೇ ಉರಿಯುತ್ತಂತೆ. ನೀನು ಕಾಗದದ ಮ್ಯಾಲೆ ‘ಊಟ ವಸತಿ’ ಅಂತ ದಪ್ಪಕೆ ಬರ್ಕೊಡು, ಸಾಕು" ಎಂದ.

ಮುದ್ದಣ್ಣ ಮುಖ ಸಪ್ಪಗೆ ಮಾಡಿಕೊಂಡೇ ಬರೆದುಕೊಟ್ಟ. ಆದರೂ ದೀಪ ಹೊತ್ತಿಸುವ ದಿನ ಹೋಗದಿರಲು ಮನಸ್ಸು ಕೇಳಲಿಲ್ಲ. ಹೆಂಡತಿ ಮರುಳಸಿದ್ದಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ಗಾಜನ್ನು ಬೆಂಕಿಯಲ್ಲಿ ಕಾಯಿಸಿ, ಅವನ ಅಕ್ಷರದಂತೆ ಬಗ್ಗಿಸಿ ತಂದವನು ಮದರಾಸಿನ ಮೇಸ್ತ್ರಿ. ಮುದ್ದಣ್ಣ ಮೆಲ್ಲಗೆ ಕೇಳಿದ: "ಒಳಗೆ ಏನು ಉರಿಯುತ್ತೆ ಮೇಸ್ತ್ರಿ?"

"ಉರಿಯೋದು ಏನಿಲ್ಲ ಸಾರ್. ಒಳಗಿನ ಗಾಳಿ ಎಳೆದು ತೆಗೆದು, ಸ್ವಲ್ಪ ನಿಯಾನ್ ಗ್ಯಾಸ್ ಬಿಡೋದು. ಎರಡು ತುದಿಗೂ ಜೋರು ಕರೆಂಟ್ ಕೊಟ್ರೆ ಗ್ಯಾಸೇ ಕೆಂಪಗೆ ಹೊಳೆಯುತ್ತೆ."

ಸಂಜೆ ಗೋವಿಂದಪ್ಪ ಸ್ವಿಚ್ಚು ಒತ್ತಿದ. ಗೋಡೆಯ ಮೇಲೆ ಕೆಂಡದಂಥ ಬೆಳಕು ಹರಿಯಿತು. ಆದರೆ ಅದೇನು ಬರಹವೆಂದು ಯಾರಿಗೂ ತಿಳಿಯಲಿಲ್ಲ.

"ಜಿಲೇಬಿ ಅಂಗಡಿನಾ ಇದು?" ಎಂದಳು ಮರುಳಸಿದ್ದಮ್ಮ.

ಗೋವಿಂದಪ್ಪನ ಮುಖ ಚಿಕ್ಕದಾಯಿತು. ಮುದ್ದಣ್ಣ ಏಣಿ ಹತ್ತಿ ಹತ್ತಿರದಿಂದ ನೋಡಿದ. ಒಂದೊಂದು ಪದವೂ ಒಂದೇ ಕೊಳವೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವ ಕೊಂಡಿಗೆ ಕಪ್ಪು ಬಳಿದು ಬೆಳಕನ್ನು ಮುಚ್ಚಬೇಕು. ಕನ್ನಡ ಓದಲು ಬಾರದ ಮೇಸ್ತ್ರಿ, ‘ವ’ ಮತ್ತು ‘ಸ’ ಅಕ್ಷರಗಳ ತಲೆಕಟ್ಟುಗಳನ್ನೇ ಕೊಂಡಿಯೆಂದುಕೊಂಡು ಅವಕ್ಕೆ ಕಪ್ಪು ಬಳಿದಿದ್ದ. ನಿಜವಾದ ಕೊಂಡಿಗಳು ಧಗಧಗ ಹೊಳೆಯುತ್ತಿದ್ದವು.

"ನಮ್ಮ ಅಕ್ಷರಕ್ಕೆ ತಲೆ ಐತೆ ಮೇಸ್ತ್ರಿ, ಅದನ್ನ ಮುಚ್ಚಿಬಿಟ್ಟಿದೀರಿ" ಎಂದ ಮುದ್ದಣ್ಣ.

ಮೇಸ್ತ್ರಿ ನಕ್ಕು ಬಣ್ಣದ ಡಬ್ಬಿಯನ್ನು ಅವನ ಕೈಗೇ ಕೊಟ್ಟ. ಕರೆಂಟು ತೆಗೆಸಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ತಲೆಕಟ್ಟು ಒರೆಸಿ, ಮುದ್ದಣ್ಣ ಕೊಂಡಿಗಳಿಗೆ ಕಪ್ಪು ಬಳಿದ. ಎಷ್ಟೋ ವರ್ಷ ಅಕ್ಷರ ಕಾಣಲೆಂದು ಬಣ್ಣ ಹಚ್ಚಿದ್ದವನು ಈಗ ಕಾಣದಿರಲೆಂದು ಹಚ್ಚುತ್ತಿದ್ದ. ಅವನಿಗೇ ಅದು ತಮಾಷೆಯೆನಿಸಿತು.

ಮತ್ತೆ ಸ್ವಿಚ್ಚು ಒತ್ತಿದಾಗ ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. ಕ್ಲೀನರು ಇಳಿದು, "ಊಟಕ್ಕೆ ಏನೈತ್ರಿ?" ಎಂದ. ಲಾಡ್ಜಿನಲ್ಲಿ ಇನ್ನೂ ಒಲೆಯೇ ಹಚ್ಚಿರಲಿಲ್ಲ. ಗೋವಿಂದಪ್ಪ ಕಕ್ಕಾಬಿಕ್ಕಿಯಾದ. ಮರುಳಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕುಂತ್ಕಳ್ರಿ, ಮುದ್ದೆ ತಿರುವ್ತೀನಿ" ಎಂದು ಒಳಗೆ ನಡೆದಳು.

ಆಮೇಲೆ ಮೇಸ್ತ್ರಿ ಕನ್ನಡದ ಕೆಲಸ ಬಂದಾಗಲೆಲ್ಲ ಮುದ್ದಣ್ಣನಿಗೆ ಹೇಳಿಕಳಿಸತೊಡಗಿದ. ಹೊಸದುರ್ಗದ ಬಟ್ಟೆ ಅಂಗಡಿಗೆ, ಹೊಳಲ್ಕೆರೆಯ ಟಾಕೀಸಿಗೆ ಇಬ್ಬರೂ ಸೇರಿ ದೀಪ ಹಾಕಿದರು. ಒತ್ತಕ್ಷರ ಬಂದಲ್ಲೆಲ್ಲ ಇಬ್ಬರಿಗೂ ಒಂದು ಜಗಳ, ಒಂದು ಕಾಫಿ.