ತಾಟು ಹಿಡಿದ ಕೈ

ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ ನಾನು ಚೆನ್ನಾಗಿಯೇ ಕಾಣುತ್ತೇನೆ. ಹಸಿರು ಇಳಕಲ್ ಸೀರೆ, ಕೈಯಲ್ಲಿ ಬೆಳ್ಳಿ ತಾಟು, ಬಾಯ್ತುಂಬ ನಗು. ಪೊಲೀಸರಿಗೂ ಅದೇ ಕಂಡಿತು.

(ಫೋನಿನಲ್ಲಿ ಟೈಪ್ ಮಾಡುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ. ತಪ್ಪಿದ್ದರೆ ನನ್ನ ಬೆರಳಿಗೆ ಬೈಯಿರಿ.)

ತೊಂಬತ್ತರ ದಶಕದ ಮಾತು. ಸೇಡಂನಲ್ಲಿ ಅಕ್ಕನ ಮಗನ ಮದುವೆ. ಹೆಣ್ಣಿನ ತಂದೆ ಉಡುಗೊರೆ ಇಟ್ಟು ಕೊಡುವ ತಾಟನ್ನು ವರನ ತಾಯಿ ಹಿಡಿಯಬೇಕು. ಆದರೆ ಅಕ್ಕನಿಗೆ ಗಂಡನಿಲ್ಲ. "ನೀ ಮುತ್ತೈದಿ ಇದ್ದಿ, ನೀ ಹಿಡಿಬೇ," ಎಂದು ಹಿರಿಯರು ನನ್ನನ್ನು ಮುಂದೆ ದೂಡಿದರು. ಅಕ್ಕ ಕಂಬದ ಹಿಂದೆ ಸರಿದಳು. ವಿಡಿಯೋ ಲೈಟು ಮುಖಕ್ಕೆ ಬಿತ್ತು. ನಗದೆ ಇರಲಾದೀತೆ? ತಾಟನ್ನು ಅಕ್ಕನಿಗೆ ಕೊಟ್ಟು, ಹೋಳಿಗೆ ಉಂಡು ಚಿತ್ತಾಪುರಕ್ಕೆ ವಾಪಸ್ ಬಂದೆ.

ಮುಂದೊಂದು ದಿನ ಬಾಗಿಲಿಗೆ ಪೊಲೀಸರು! ಅಕ್ಕನ ಮಗ ಹೆಂಡತಿ ಸರೋಜಾಳನ್ನು ಹೊಡೆಯುತ್ತಿದ್ದ. ಅದು ನಿಜವೇ. ಆದರೆ ದೂರಿನಲ್ಲಿ ಅಕ್ಕನೂ ಇದ್ದಳು, ನಾನೂ ಇದ್ದೆ. ವರದಕ್ಷಿಣೆ ಇಸಿದುಕೊಂಡವಳು, ಹೊಡೆಯಲು ಹಚ್ಚಿಕೊಟ್ಟವಳು. ಸಾಕ್ಷಿ? ಕ್ಯಾಸೆಟ್ಟು.

ನಾನು ಸರ್ಕಾರಿ ಶಾಲೆಯ ಟೀಚರ್. ಅರೆಸ್ಟ್ ಆದರೆ ಸಸ್ಪೆಂಡ್.

"ತಾಟ ಹಿಡದಿ ಖರೆ, ಅಷ್ಟ್ಯಾಕ ಹಲ್ಲ ಕಿಸದಿ?" ಎಂದರು ಮನೆಯವರು.

"ನಮ್ಮ ಲಗ್ನದಾಗ ನಗು ಬರ್ಲಿಲ್ಲರಿ, ಅದ್ಕ ಅಲ್ಲಿ ನಕ್ಕೀನಿ."

ಬಾಯಿ ಮಾತ್ರ ಜೋರು.

ಅರೆಸ್ಟಿಗೂ ಮುಂಚೆ ಜಾಮೀನು ಸಿಕ್ಕಿತು, ನಿದ್ದೆ ಸಿಗಲಿಲ್ಲ. ಜೀಪಿನ ಸದ್ದಾದರೆ ಬೋರ್ಡಿನ ಮೇಲೆ ಸೀಮೆಸುಣ್ಣ ನಿಲ್ಲುತ್ತಿತ್ತು. ಹೆಡ್‌ಮಾಸ್ತರರು ಕರೆದರೆ, ಸಸ್ಪೆಂಡ್ ಆರ್ಡರ್ ಬಂತೇ?

ವರ್ಷಗಳ ಮೇಲೆ ಸರೋಜಾ ಸಾಕ್ಷಿಕಟ್ಟೆ ಹತ್ತಿದಳು. ನಮ್ಮ ಮೂವರ ವಕೀಲರು ನನ್ನತ್ತ ಬೆರಳು ತೋರಿಸಿದರು.

"ಇವರು ನಿಮ್ಮ ಮನ್ಯಾಗ ಇರ್ತಿದ್ರೇನು?"

"ಇಲ್ರಿ. ಚಿತ್ತಾಪುರದಾಗ ಇರ್ತಾರ್ರಿ."

"ಹೊಡಿ ಅಂದಾರೇನು?"

"ಇಲ್ರಿ. ಅತ್ತಿಯವ್ರೂ ಅಂದಿಲ್ರಿ. ಹೊಡದದ್ದು ನನ್ನ ಗಂಡ ಒಬ್ಬನರಿ."

"ಮತ್ತ ಇವರ ಹೆಸರ್ಯಾಕ?"

"ನಮ್ಮಪ್ಪ ಕ್ಯಾಸೆಟ್ ನೋಡಿ ಬರಿಸ್ಯಾರ್ರಿ. ಎಲ್ಲಾರ ಹೆಸರಿದ್ರ ಕೇಸ್ ಗಟ್ಟಿ ಆಗ್ತದ ಅಂದ್ರು."

ನನಗೆ ಜೀವ ಬಂತು. ವಕೀಲರು ಅಷ್ಟಕ್ಕೇ ಬಿಡಲಿಲ್ಲ. ದೂರಿನಲ್ಲಿ ಇಷ್ಟು ಸುಳ್ಳಿದ್ದ ಮೇಲೆ ಉಳಿದದ್ದನ್ನು ನಂಬುವುದು ಹೇಗೆ ಎಂದರು.

ಎಲ್ಲರೂ ಖುಲಾಸೆ. ಅಕ್ಕ, ನಾನು, ಅವನೂ. ನಾನು ಇಳಿದ ಮೆಟ್ಟಿಲಲ್ಲೇ ಅವನೂ ಮೀಸೆ ಸವರುತ್ತ ಇಳಿದ. ನೌಕರಿ ಉಳಿಯಿತು. ನಿದ್ದೆ ಮಾತ್ರ ಇಂದಿಗೂ ಪೂರ್ತಿ ಬಂದಿಲ್ಲ.

ಅಂದು ಕೋರ್ಟಿನ ಬಾಗಿಲಲ್ಲಿ ಸರೋಜಾ ನನ್ನ ಸೆರಗು ಹಿಡಿದು ಕೇಳಿದ್ದಳು: "ಚಿಕ್ಕತ್ತಿ, ನೀವು ಹಚ್ಚಿಕೊಟ್ಟಿಲ್ಲಂತ ಅಂದೆ, ನಂಬಿದ್ರು. ಅಂವ ಹೊಡದಾನಂತ ಅಂದ್ರ ಯಾಕ ನಂಬಲಿಲ್ರಿ?"