ಕಸ್ತೂರಮ್ಮ ಬೈಯದ ಸೊಸೆ

ದಾವಣಗೆರೆಯ ಹಳೇಪೇಟೆಯಲ್ಲಿ ಕಸ್ತೂರಮ್ಮನ ಬಾಯಿಗೆ ಸಿಗದ ಜೀವವೇ ಇರಲಿಲ್ಲ. ಕೊಕ್ಕನೂರಿನಿಂದ ಹದಿಮೂರನೆಯ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದವಳು, ನಲವತ್ತು ವರ್ಷ ದಿನಾ ಹನ್ನೆರಡು ಮಂದಿಗೆ ರೊಟ್ಟಿ ಬಡಿಯುತ್ತಾ ಈ ಬಾಯಿಯನ್ನೂ ಬೆಳೆಸಿಕೊಂಡಿದ್ದಳು. ಹಾಲು ಕೊಡದೆ ಒದೆಯುವ ಎಮ್ಮೆ, ತಡವಾಗಿ ಬಂದ ಅಂಚೆಯವನು, ಪಾತ್ರೆ ತಿಕ್ಕುವ ಮೈಲಮ್ಮ, ಮಂಡಿಪೇಟೆಯ ಅಂಗಡಿಯಿಂದ ಹೊತ್ತು ಮೀರಿ ಊಟಕ್ಕೆ ಬರುವ ಗಂಡ ವಾಮದೇವಪ್ಪ, ಎಲ್ಲರಿಗೂ ಅವರವರ ಪಾಲು ಸಿಗುತ್ತಿತ್ತು. ಬೈಸಿಕೊಂಡವರ ರೊಟ್ಟಿಯ ಮೇಲೆ ಬೆಣ್ಣೆಯೂ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು. ಒಂದು ದಿನ ಬೈಯಲಿಲ್ಲವೆಂದರೆ ಮೈಲಮ್ಮ ಗಾಬರಿಯಾಗಿ, "ಯಾಕ್ರವ್ವಾ, ನನ್ಮ್ಯಾಲೆ ಸಿಟ್ಟೈತೇನ್ರಿ?" ಎಂದು ಕೇಳುತ್ತಿದ್ದಳು.

ಇಂಥ ಮನೆಗೆ ೧೯೫೯ರ ಜನವರಿಯಲ್ಲಿ ಹಾಲೆಂಡಿನ ಸೊಸೆ ಬಂದಳು. ಕಿರಿಮಗ ಬಕ್ಕೇಶ ಕಾಲುವೆ ಕಟ್ಟುವ ವಿದ್ಯೆ ಕಲಿಯಲು ಹೋದವನು ಅಲ್ಲೇ ಕೆಲಸ ಹಿಡಿದು, ಮರೈಕೆ ಎಂಬ ಶಾಲೆಯ ಟೀಚರನ್ನು ಮದುವೆಯಾಗಿ, ಒಂದು ತಿಂಗಳ ರಜೆಗೆಂದು ಊರಿಗೆ ಕರೆತಂದಿದ್ದ.

ಮರೈಕೆಗೆ ಬಂದ ದಿನದಿಂದಲೇ ತಲೆ ಗಿರ್ರೆನ್ನುತ್ತಿತ್ತು. ಬಿಸಿಲಿಗಲ್ಲ, ಖುಷಿಗೆ! ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬೋಂಡ ಕಡಿದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ ಇನ್ನೊಂದಕ್ಕೆ ಕೈ ಚಾಚಿದಳು. ಗಂಡ ಎರಡು ವರ್ಷ ಕಲಿಸಿದ್ದ ಕನ್ನಡವನ್ನು ಬೀದಿಯಲ್ಲಿ ಸಿಕ್ಕಸಿಕ್ಕವರ ಮೇಲೆಲ್ಲ ಪ್ರಯೋಗಿಸಿದಳು. ಪಕ್ಕದ ಮನೆಯ ಮಾಬೂಬೀ ಅವಳ ಹೊಂಬಣ್ಣದ ಜಡೆ ಮುಟ್ಟಲು ದಿನಾ ಒಂದು ನೆಪ ಹಿಡಿದು ಬರುತ್ತಿದ್ದಳು, ಇವಳು ತಾನೇ ಜಡೆ ಮುಂದೆ ಮಾಡಿ ಕೂರುತ್ತಿದ್ದಳು. ಹನ್ನೆರಡು ಮಂದಿ ಒಟ್ಟಿಗೇ ಮಾತಾಡುವ, ಯಾರೂ ಕೇಳಿಸಿಕೊಳ್ಳದ, ಆದರೂ ಎಲ್ಲರಿಗೂ ಎಲ್ಲವೂ ತಿಳಿಯುವ ಆ ಪಡಸಾಲೆಯಲ್ಲಿ ಕೂತು ತನಗೆ ತಾನೇ ನಗುತ್ತಿದ್ದಳು.

ಎಲ್ಲಕ್ಕಿಂತ ಹಿಡಿಸಿದ್ದು ಅತ್ತೆಯ ಬೈಗುಳ. ಮರೈಕೆಯ ಅವ್ವನೂ ಹೀಗೇ ಅಡುಗೆಮನೆಯಿಂದ ಕೂಗಿ ಬೈಯುತ್ತಿದ್ದವಳು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ತಿನ್ನಲು ಏನೂ ಸಿಗದ ದಿನಗಳಲ್ಲಿ, ಆಕೆ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಆಮೇಲೆ ಸಾಕಿದ ಸೋದರತ್ತೆ ಬಲು ನಯದವಳು, ಬಾಗಿಲು ಮುಚ್ಚು ಎನ್ನಲೂ 'ದಯವಿಟ್ಟು' ಸೇರಿಸುವವಳು. ಅಲ್ಲಿಂದೀಚೆಗೆ ಮರೈಕೆಯನ್ನು ಯಾರೂ ಬೈದೇ ಇರಲಿಲ್ಲ. ಅದೆಂಥ ಬಡತನವೆಂದು ಬೈಸಿಕೊಂಡೇ ಬೆಳೆದ ನಮಗೆ ನಿಮಗೆ ಗೊತ್ತಾಗುವುದಿಲ್ಲ ಬಿಡಿ.

ಆದರೆ ಕಸ್ತೂರಮ್ಮ ಇವಳೊಬ್ಬಳನ್ನು ಮಾತ್ರ ಬೈಯಲೊಲ್ಲಳು! "ಬರ್ರಿ, ಕೂಡ್ರಿ, ಬಿಸಿಲಾಗ ನಿಂದ್ರಬ್ಯಾಡ್ರಿ." ಮನೆಯ ಸೊಸೆಗೆ ಅಮಲ್ದಾರರ ಹೆಂಡತಿಗೆ ಕೊಡುವ ಮರ್ಯಾದೆ! ಹಿರಿಸೊಸೆ ನಿರ್ಮಲಾಳಿಗಾದರೆ ಗಂಟೆಗೊಂದು ಸಲ: "ಏ ನಿರ್ಮಲಾ, ಕಣ್ಣು ಮಾಳಿಗಿ ಮ್ಯಾಲೆ ಇಟ್ಟು ಬಂದಿಯೇನೇ?" ಅದನ್ನು ಕೇಳಿ ಮರೈಕೆಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊರು ಬಿಡುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಅತ್ತೆಯ ಕೈಲಿ ಬೈಸಿಕೊಳ್ಳಲೇಬೇಕೆಂದು ಹಟ ಹಿಡಿದಳು.

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ನಿಂತು ಸಿಳ್ಳೆ ಹಾಕಿದಳು. "ಪಾಪ, ಅವರ ದೇಶದಾಗ ಹಂಗಂತೆ" ಎಂದಳು ಕಸ್ತೂರಮ್ಮ. ಬೀದಿಯಲ್ಲಿ ನಿಂತು "ಬಕ್ಕೇಶಾ, ಬಾರೋ!" ಎಂದು ಗಂಡನ ಹೆಸರು ಹಿಡಿದು ಕೂಗಿದಳು. ಇಡೀ ಬೀದಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿತು, ಅತ್ತೆಯೂ ನಕ್ಕಳು. ಬೇಕೆಂದೇ ಒಲೆಯ ಮುಂದೆ ನಿಂತು ನಾಲ್ಕು ಸೇರು ಹಾಲು ಉಕ್ಕಿಸಿದಳು. ಕಸ್ತೂರಮ್ಮ ಓಡಿ ಬಂದು, "ಇರ್ಲಿ ಬಿಡ್ರಿ, ಹಾಲುಕ್ಕಿದ್ರ ಮನಿಗೆ ಒಳ್ಳೇದು" ಎಂದವಳೇ ನಿರ್ಮಲಾಳ ಕಡೆ ತಿರುಗಿ, "ಅವರು ಹೊಸಬ್ರು, ನೀ ಎಲ್ಲಿ ಹಾಳಾಗಿ ಹೋಗಿದ್ದೀಯೇ ಗೂಬಿ?" ಎಂದು ಮೂರು ಬೀದಿಗೆ ಕೇಳುವಂತೆ ಜಾಡಿಸಿದಳು. ಅಷ್ಟೂ ತನಗೆ ಬರಬೇಕಿದ್ದದ್ದು! ಮರೈಕೆ ಅಳುತ್ತಾ ನಿರ್ಮಲಾಳಿಗೆ ಎಲ್ಲ ಹೇಳಿಕೊಂಡಳು.

"ನನ್ನ ಪಾಲಿಂದು ನಿಮಗೇ ಕೊಟ್ಬಿಡ್ತೀನಿ ತಗೋರಿ," ಎಂದು ನಿರ್ಮಲಾ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಒಂದು ಉಪಾಯ ಐತೆ. ಒದ್ದಿ ಕೈ ಉಪ್ಪಿನಕಾಯಿ ಭರಣಿಗೆ ಹಾಕ್ರಿ. ಇದಕ್ಕೂ ಬೈದಿಲ್ಲ ಅಂದ್ರ ಅತ್ತಿ ಮನುಷ್ಯಳೇ ಅಲ್ಲ" ಎಂದಳು.

ಮರೈಕೆ ಕೈ ತೊಳೆದು, ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನೇ ಅತ್ತೆಯ ಕಣ್ಣೆದುರು ವರ್ಷದ ಉಪ್ಪಿನಕಾಯಿಯ ಭರಣಿಗೆ ಮೊಣಕೈವರೆಗೆ ಇಳಿಸಿದಳು. ಕಸ್ತೂರಮ್ಮನ ಮುಖ ಕೆಂಪೇರಿತು, ತುಟಿ ಅದುರಿತು, ಬಾಯಿ ತೆರೆಯಿತು. ಮರೈಕೆ ಉಸಿರು ಬಿಗಿಹಿಡಿದಳು. ಬಾಯಿ ಮತ್ತೆ ಮುಚ್ಚಿತು. "ಕೇಳಿದ್ರ ನಾನೇ ಬಡಿಸ್ತಿದ್ನಲ್ರಿ" ಎಂದು ನುಡಿದು, ಆಕೆ ಹಿತ್ತಲಿಗೆ ಹೋಗಿ ಎಮ್ಮೆಯನ್ನು ಅರ್ಧ ಗಂಟೆ ಬೈದಳು.

ಮರೈಕೆ ಮಾಳಿಗೆ ಹತ್ತಿ ಗಂಡನ ಮುಂದೆ ಗೋಳೋ ಎಂದು ಅತ್ತಳು. "ನಾನು ಹೊರಗಿನವಳು. ಎಮ್ಮೆಗಿಂತ ಹೊರಗಿನವಳು!"

ಬಕ್ಕೇಶ ತಲೆ ಕೆರೆದುಕೊಂಡ. "ತಪ್ಪು ನಂದೇ. ನಿನ್ನನ್ನ ಬೈಯಂಗಿಲ್ಲ, ಬೈದ್ರ ನಾವು ಮತ್ತೆ ಈ ಕಡೆ ಬರಂಗಿಲ್ಲ ಅಂತ ಅವ್ವನ ಕೈಲಿ ಕೊರಳ ಲಿಂಗ ಮುಟ್ಟಿಸಿ ಆಣಿ ಮಾಡಿಸೀನಿ."

"ವಾಪಸ್ಸು ತಗೋ!"

"ಲಿಂಗದ ಮ್ಯಾಲಿನ ಆಣಿ, ವಾಪಸ್ಸು ಹೆಂಗೆ ತಗೊಳ್ಳೋದು?"

ಆವತ್ತು ಗಂಡನಿಗೆ ಮರೈಕೆ ಡಚ್ಚಿನಲ್ಲಿ ಏನೇನು ಅಂದಳೋ, ಅವನು ಯಾರಿಗೂ ಹೇಳಿಲ್ಲ. ಉಳಿದದ್ದು ಮೂರೇ ದಿನ. ಅವಳು ಆಸೆ ಬಿಟ್ಟಳು.

ಹೊರಡುವ ಹಿಂದಿನ ದಿನ ಹರಿಹರೇಶ್ವರನ ದರ್ಶನಕ್ಕೆಂದು ಅತ್ತೆ, ಇಬ್ಬರು ಸೊಸೆಯರು, ಬಕ್ಕೇಶ ಬಸ್ಸಿನಲ್ಲಿ ಹರಿಹರಕ್ಕೆ ಹೋದರು. ದರ್ಶನವಾಯಿತು. ಬುತ್ತಿ ಬಿಚ್ಚಲು ಹೊಳೆಯ ಮೆಟ್ಟಿಲಿಗೆ ಬಂದರು. ತುಂಗಭದ್ರೆಯನ್ನು ಕಂಡದ್ದೇ ತಡ, ಮರೈಕೆಗೆ ಮನಸ್ಸು ತಡೆಯಲಿಲ್ಲ. ನಡೆಯುವ ಮೊದಲೇ ಈಜು ಕಲಿಸುವ ದೇಶದವಳು! ದುಃಖ ಮರೆತು ನಗುತ್ತಾ, ಸೀರೆಯನ್ನು ಕಚ್ಚೆ ಹಾಕಿ ಬಿಗಿದವಳೇ ದುಡುಂ ಎಂದು ನೀರಿಗೆ ಹಾರಿದಳು. ಆಹಾ, ಎಂಥ ತಂಪು! ಮೀನಿನ ಹಾಗೆ ನೀರಿನೊಳಗೇ ಈಜುತ್ತಾ ನಡುಹೊಳೆಯ ಬಂಡೆಯ ಕಡೆ ಹೋದಳು.

ಮೆಟ್ಟಿಲ ಮೇಲಿದ್ದ ಕಸ್ತೂರಮ್ಮ ಹೆಂಗಸರು ಈಜುವುದನ್ನು ಹುಟ್ಟಿದಾಗಿನಿಂದ ಕಂಡವಳಲ್ಲ. ಹಾರಿದ್ದನ್ನು ಕಂಡಳು, ಮೇಲೆ ಏಳದ್ದನ್ನು ಕಂಡಳು. "ಅಯ್ಯೋ ಶಿವನೇ, ನನ್ನ ಕೂಸು!" ಎಂದು ಕಿರುಚಿ, ಮಗ "ಅವ್ವಾ, ಅವಳಿಗೆ ಈಜು ಬರ್ತೈತೆ" ಎನ್ನುವಷ್ಟರಲ್ಲಿ ಎದೆಮಟ್ಟದ ನೀರಿಗೆ ಇಳಿದೇಬಿಟ್ಟಿದ್ದಳು.

ದೂರದಲ್ಲಿ ತಲೆಯೆತ್ತಿದ ಮರೈಕೆ ನೀರಿಗಿಳಿದ ಅತ್ತೆಯನ್ನು ಕಂಡಳು. ಸರಸರನೆ ಈಜಿ ಬಂದು ಅತ್ತೆಯ ತೋಳು ಹಿಡಿದು ಮೆಟ್ಟಿಲಿಗೆ ಹತ್ತಿಸಿದಳು. ಹತ್ತಿಸಿದ್ದೇ ತಡ, ಬೆನ್ನ ಮೇಲೆ ಫಟಾರನೆ ಒಂದು ಬಿತ್ತು.

"ಏ ಹುಚ್ಚಿ! ಮೂಳಿ! ಬುದ್ಧಿ ಗಿದ್ಧಿ ಐತೇನೇ ನಿಂಗೆ? ಹೊಳಿ ಅಂದ್ರ ನಿಮ್ಮಪ್ಪನ ಮನಿ ಬಚ್ಚಲಾ? ನನ್ನ ಜೀವ ತಿನ್ನಾಕ ಹಡಗು ಹತ್ತಿ ಬಂದ್ಯಾ? ಹಾಲು ಉಕ್ಕಿಸ್ದಿ, ಬಾಯಿ ಮುಚ್ಚಿಕೊಂಡೆ! ವರ್ಷದ ಉಪ್ಪಿನಕಾಯಿ ಹಾಳು ಮಾಡ್ದಿ, ಬಾಯಿ ಮುಚ್ಚಿಕೊಂಡೆ!"

ಬೈಯುತ್ತಾ ಬೈಯುತ್ತಾ ಕೊರಳ ಲಿಂಗ ಹಿಡಿದು, "ಅಪ್ಪಾ, ಆಣಿ ಮುರಿದೆ. ಏನು ಶಿಕ್ಷೆ ಕೊಡ್ತಿ ಕೊಡು. ಇವಳನ್ನ ಬೈದಿಲ್ಲ ಅಂದ್ರ ನನ್ನ ಎದಿ ಒಡೀತೈತೆ" ಎಂದು ಮತ್ತೆ ಶುರುಮಾಡಿದಳು. ನಿರ್ಮಲಾ ನಗಲೂ ಆಗದೆ ಬಿಡಲೂ ಆಗದೆ ಬುತ್ತಿಯ ಗಂಟಿನಲ್ಲಿ ಮುಖ ಹುದುಗಿಸಿದಳು. ಮರೈಕೆ ಮೈಯೆಲ್ಲ ನೀರು ಸುರಿಸುತ್ತಾ, ನಡುಗುತ್ತಾ, ನಗುತ್ತಾ ನಿಂತೇ ಇದ್ದಳು. ಇಷ್ಟು ಸುಖವನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ನಗ್ತಾಳೆ ನೋಡು, ನಾಚಿಕಿಲ್ಲದಾಕಿ! ನೀ ಮುಳುಗಿ ಹೋಗಿದ್ರ ನಿಮ್ಮವ್ವಗೆ ನಾ ಏನಂತ ಹೇಳ್ಲೇ?"

ಮರೈಕೆಯ ನಗು ನಿಂತಿತು. "ಅವ್ವ ಇಲ್ಲ, ಅತ್ತೀ. ಸತ್ತು ಹೋದ್ಲು."

ಕಸ್ತೂರಮ್ಮ ಮೊದಲಿಗಿಂತ ಜೋರಾಗಿ ಬೈದಳು.

"ಅವಳು ಸತ್ರ? ನಾ ಏನು ಸತ್ತೀನೇನೇ?" ಎಂದು ಅವಳ ತಲೆಯನ್ನು ತನ್ನ ಕಡೆ ಎಳೆದುಕೊಂಡು, ನಿರ್ಮಲಾಳ ಒಣ ಸೆರಗನ್ನು ಜಗ್ಗಿ ಗಸಗಸ ಒರೆಸತೊಡಗಿದಳು.